ಮಾವನ ಬೆನ್ನು

ನಮ್ಮ ಕಡೆ ಯಾರಾದರೂ ಹೆಸರು ಮಾಡಿದರೆ, ಅವರು ನಮಗೆ ಏನಾಗಬೇಕು ಎಂದು ಮೊದಲು ಲೆಕ್ಕ ಹಾಕುತ್ತಾರೆ. ನಟ, ನಿರ್ದೇಶಕ ಶಂಕರ್‌ನಾಗ್ ವಿಷಯದಲ್ಲಿ ಈ ಲೆಕ್ಕ ಸ್ವಲ್ಪ ತ್ರಾಸದ್ದಾಗಿತ್ತು. ಅವರು ಹುಟ್ಟಿದ್ದು 1954ರ ನವೆಂಬರ್ 9ರಂದು, ಘಟ್ಟದ ಕೆಳಗಿನ ಹೊನ್ನಾವರದಲ್ಲಿ. ನಾಟಕದ ಹುಚ್ಚು ಹತ್ತಿಸಿಕೊಂಡದ್ದು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಮನೆಯ ವಂಶಾವಳಿಯಲ್ಲಿ ತುರುಕಿದರೂ ನಿಲ್ಲುವ ಹಾಗಿರಲಿಲ್ಲ.

ದಾರಿ ಹುಡುಕಿದವರು ನಮ್ಮ ಸೋದರಮಾವ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. "ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅವರು ಹುಟ್ಟಿದ ಹೊತ್ತಲ್ಲಿ ನೀರು ಈಗಿನ ಹಾಗೆ ಲೆಕ್ಕ ಕೊಟ್ಟು ಹೋಗ್ತಿರಲಿಲ್ಲ. ನಮ್ಮ ಮೂರೂ ತಾಲ್ಲೂಕಿನ ನೀರು ಕುಡಿದವರು ಮಾರಾಯ ಅವರು!" ಹೊನ್ನಾವರ ಮುಟ್ಟುವ ಹೊತ್ತಿಗೆ ಆ ನೀರು ಉಪ್ಪಾಗಿರುತ್ತದೆ, ಅದನ್ನು ಯಾರೂ ಕುಡಿಯುವುದಿಲ್ಲ ಎಂದು ಹೇಳುವ ಧೈರ್ಯ ಜಗಲಿಯ ಮೇಲೆ ಕೂತವರಲ್ಲಿ ಒಬ್ಬರಿಗೂ ಬರಲಿಲ್ಲ.

ಮಾವನಿಗೆ ಹೀಗೆ ಹಕ್ಕು ಸಾಧಿಸುವುದಕ್ಕೆ ಕಾರಣವಿತ್ತು. ಅವರೂ ನಟರು. ಹೆಗ್ಗೋಡಿನವರು 1949ರಲ್ಲೇ ನೀನಾಸಂ ಕಟ್ಟಿಕೊಂಡು, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದು, 1985ರಿಂದ ತಿರುಗಾಟ ಹೊರಡಿಸಿದ ಸೀಮೆ ಇದು. ಇಲ್ಲಿ ಅಡಿಕೆ ಸುಲಿಯುವ ಯಾರನ್ನು ಎಬ್ಬಿಸಿ ನಿಲ್ಲಿಸಿದರೂ ಒಂದಾದರೂ ಪಾತ್ರ ಮಾಡಿರುತ್ತಾರೆ. ಮಾವನ ಪಾಲಿಗೆ ಬರುತ್ತಿದ್ದುದು ಮಾತ್ರ ಸದಾ ದೂತನ ಪಾತ್ರ. ರಾಜ ಯಾರೇ ಆಗಲಿ, ನಾಟಕ ಸಂಸ್ಕೃತದ್ದಾಗಲಿ ಶೇಕ್ಸ್‌ಪಿಯರನದ್ದಾಗಲಿ, ಓಡಿ ಬಂದು ಕೆಟ್ಟ ಸುದ್ದಿ ಹೇಳುವವರು ಇವರೇ. ಒಂದೇ ಉಸಿರಿಗೆ ಸೋಲು, ಸಾವು, ಕೋಟೆ ಬಿದ್ದದ್ದು ಎಲ್ಲ ಒಪ್ಪಿಸಿ ಒಳಗೆ ಹೋಗಿ ಕವಳ ಹಾಕುತ್ತಿದ್ದರು. ಮಾವ ಸುದ್ದಿ ತಂದರೆ ಊರಲ್ಲಿ ಈಗಲೂ ಜನ ಒಂದು ಗಳಿಗೆ ಗಾಬರಿಯಾಗುತ್ತಾರೆ.

ಅಂಥವರ ಬಾಗಿಲಿಗೇ ಕ್ಯಾಮೆರಾ ಬಂತು. ಆರ್. ಕೆ. ನಾರಾಯಣ್ ಎಲ್ಲೂ ಇಲ್ಲದ ಮಾಲ್ಗುಡಿಯನ್ನು ಪುಸ್ತಕದಲ್ಲಿ ಕಟ್ಟಿದ್ದರು. ಶಂಕರ್‌ನಾಗ್ ಅದನ್ನು ತಂದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಇಳಿಸಿದರು. ರೈಲು ನಿಲ್ದಾಣಕ್ಕೆ ಹೊಸನಗರ ತಾಲ್ಲೂಕಿನ ಅರಸಾಳು ಆಯಿತು. ಆ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ದೂರದರ್ಶನದಲ್ಲಿ 1986ರಿಂದ ಇಡೀ ದೇಶ ನೋಡಿತು. ಕಥೆಯ ಪುಟಾಣಿ ಸ್ವಾಮಿಯಾದದ್ದು ಮಾಸ್ಟರ್ ಮಂಜುನಾಥ್, ಅಪ್ಪ ಗಿರೀಶ್ ಕಾರ್ನಾಡ್. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಶಂಕರ್‌ನಾಗ್ ಕೈಗೆ ಕತ್ತಿ ಕೊಟ್ಟು ತೆರೆಗೆ ತಂದ ನಿರ್ದೇಶಕರೇ ಕಾರ್ನಾಡರು. ಇಲ್ಲಿ ಅದೇ ಹುಡುಗ ಹೇಳಿದ ಕಡೆ ನಿಂತು, ಹೇಳಿದಾಗ ಕೂತರು. ಸ್ವಾಮಿಯ ಅಮ್ಮ ವೈಶಾಲಿ ಕಾಸರವಳ್ಳಿ. ಆಕೆಯ ಗಂಡ ಗಿರೀಶ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಹಾಗಾಗಿ ಸ್ವಾಮಿ ನಮ್ಮೂರ ಸೊಸೆಯ ಮಗನೆಂದು ತೀರ್ಮಾನವಾಯಿತು. ನೀರಿನ ಸಂಬಂಧಕ್ಕಿಂತ ಇದು ಗಟ್ಟಿ.

ಅರಸಾಳಿನಲ್ಲಿ ಪ್ರಯಾಣಿಕರಾಗಿ ನಿಲ್ಲಲು ಜನ ಬೇಕಂತೆ ಎಂದು ಯಾರೋ ಹೇಳಿದರು. ಮಾವ ಬಿಳಿ ಪಂಚೆ, ಕೊಡೆ, ಕಬ್ಬಿಣದ ಟ್ರಂಕು ಸಮೇತ ಹೋದರು. ಟ್ರಂಕಿನಲ್ಲಿ ಏನಿತ್ತೆಂದರೆ ಅತ್ತೆಯ ಮದುವೆ ಸೀರೆಗಳು. ಖಾಲಿ ಟ್ರಂಕು ಎತ್ತಿದರೆ ಕೈ ಸುಳ್ಳು ಹೇಳುತ್ತದೆ ಎನ್ನುವುದು ಅವರ ವಾದ. ಅದು ನಟನ ಮಾತೇ ಸರಿ. ಆದರೆ ಕ್ಯಾಮೆರಾ ಇದ್ದದ್ದು ಹಿಂದುಗಡೆ. ಶಂಕರ್‌ನಾಗ್ ಹತ್ತಿರ ಬಂದು ಮಾತಾಡಿಸಿದರು ಎನ್ನುತ್ತಾರೆ. ಏನು ಮಾತಾಡಿಸಿದರು ಎಂಬುದಕ್ಕೆ ವರ್ಷಕ್ಕೊಂದು ಪಾಠಾಂತರವಿದೆ. ಒಂದರಲ್ಲಂತೂ ಅಡಿಕೆ ಧಾರಣೆ ಕೂಡ ಬರುತ್ತದೆ.

ಆ ಕಂತು ಬರುವ ದಿನ ಊರಿನ ಒಂದೇ ಟಿವಿಯ ಮುಂದೆ ಜಗಲಿ ತುಂಬಿ ಅಂಗಳದವರೆಗೆ ಜನ. ಮಾಡಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ, ಕೆಳಗಿಂದ "ಬಂತು, ಹೋಯ್ತು" ಎಂದು ಕೂಗುವವನೊಬ್ಬ. ರೈಲು ಕೂಗಿತು. ಕರೆಂಟು ಹೋಯಿತು. ಊರು ಮುಳುಗಿಸಿ ಕರೆಂಟು ಮಾಡಿದ ನೆಲದಲ್ಲಿ ಬುಡ್ಡಿದೀಪ ಹಚ್ಚಿಕೊಂಡು ಮಾವ ತಮ್ಮ ದೃಶ್ಯವನ್ನು ಬಾಯಲ್ಲೇ ಹೇಳಿದರು. ದೂತನ ಅಭ್ಯಾಸವಿತ್ತಲ್ಲ, ಚೆನ್ನಾಗಿಯೇ ಹೇಳಿದರು.

ಮಾಲ್ಗುಡಿಗೆ ಮೊದಲೂ ಆಮೇಲೂ ಶಂಕರ್‌ನಾಗ್ ನಿಂತಲ್ಲಿ ನಿಂತವರಲ್ಲ. 'ಆಟೋ ರಾಜ'ನಾಗಿ ಆಟೋಗಳ ಬೆನ್ನಿಗೆ ಏರಿದ್ದು 1980ರಷ್ಟು ಹಿಂದೆಯೇ. ಅದೇ ವರ್ಷ 'ಮಿಂಚಿನ ಓಟ', ಮರುವರ್ಷ 'ಗೀತಾ', 1985ಕ್ಕೆ 'ಆಕ್ಸಿಡೆಂಟ್'. ನಡುವೆ ಸಂಕೇತ್ ತಂಡ ಕಟ್ಟಿಕೊಂಡು ನಾಟಕ. ತೆರೆಯ ಮೇಲೆ ಹೊಡೆದಾಡಿ ದುಡಿದ ದುಡ್ಡನ್ನು ತಮಗೆ ಬೇಕಾದ ಕೆಲಸಕ್ಕೆ ಸುರಿಯುತ್ತಿದ್ದ ಮನುಷ್ಯ. ಅವರ ಕರಾಟೆ ಸಿನಿಮಾಗಳಲ್ಲಿ ಕೆಲವನ್ನು ಈಗ ಕೂತು ನೋಡುವುದು ಕಷ್ಟ. ಮಾಲ್ಗುಡಿಯನ್ನು ಮಾತ್ರ ನಡುವಿನಿಂದ ಹಾಕಿದರೂ ಎದ್ದು ಹೋಗಲಾಗುವುದಿಲ್ಲ.

"ಮುಂದಿನ ಸೀರಿಯಲ್‌ಗೆ ಕರೆಸ್ತಾರೆ" ಎಂದು ಮಾವ ಕಾಯುತ್ತಿದ್ದರು. ಈ ಸಲ ಮುಖ ತೋರಿಸುವ ಪಾತ್ರವೇ ಎಂದು ಗಡ್ಡ ಸಹ ದಿನವೂ ಹೆರೆದುಕೊಳ್ಳುತ್ತಿದ್ದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾಯಿತು. ಶಂಕರ್‌ನಾಗ್‌ಗೆ ಇನ್ನೂ 35. ರೇಡಿಯೋ ಸುದ್ದಿ ಕೇಳಿದ ಮಾವ ತೋಟಕ್ಕೆ ಬಂದರು, ಕೊನೆ ಹಿಡಿಯುತ್ತಿದ್ದ ಅಪ್ಪನ ಎದುರು ನಿಂತರು, ಬಾಯಿ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ದೂತನಿಗೆ ಮಾತು ಮರೆತಿತ್ತು. ಆಮೇಲೆ ಮುಂದಿನ ಸೀರಿಯಲ್‌ನ ಸುದ್ದಿ ಅವರ ಬಾಯಲ್ಲಿ ಬರಲಿಲ್ಲ, ಗಡ್ಡವೂ ವಾರಕ್ಕೊಮ್ಮೆಗೆ ಇಳಿಯಿತು.

2004ರಲ್ಲಿ ಶಂಕರ್‌ನಾಗ್ ಪತ್ನಿ ಅರುಂಧತಿ ನಾಗ್ ಬೆಂಗಳೂರಿನಲ್ಲಿ ರಂಗಶಂಕರ ನಾಟಕಮಂದಿರ ತೆರೆದಾಗ ಮಾವ ಪೇಪರಿನ ಚಿತ್ರ ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡರು. 2020ರಲ್ಲಿ ರೈಲ್ವೆಯವರು ಅರಸಾಳಿನ ಹಳೇ ನಿಲ್ದಾಣವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರದೇ ಕೈಕೆಲಸ. ಮಾವನನ್ನು ಕರೆದುಕೊಂಡು ಹೋಗಿದ್ದೆ. ಬಂದವರಿಗೆಲ್ಲ "ಇಲ್ಲೇ, ಈ ಕಲ್ಲಿನ ಮೇಲೆ" ಎಂದು ಕೊಡೆಯಲ್ಲಿ ತೋರಿಸುತ್ತಿದ್ದರು. ಒಬ್ಬ ಹುಡುಗ ಸೆಲ್ಫಿಯನ್ನೂ ತೆಗೆದುಕೊಂಡ.

ಮನೆಗೆ ಬಂದವನೇ ಮೊಬೈಲಿನಲ್ಲಿ ಆ ಕಂತು ಹುಡುಕಿ, ರೈಲಿನ ದೃಶ್ಯದಲ್ಲಿ ನಿಲ್ಲಿಸಿದೆ. ಪಂಚೆ ಇದೆ, ಕೊಡೆ ಇದೆ, ಟ್ರಂಕಿನ ಮೂಲೆಯೂ ಇದ್ದ ಹಾಗಿದೆ. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದು ನಿಮ್ಮ ಬೆನ್ನಲ್ಲ ಬಿಡಿ. ಪ್ರತಿ ದೀಪಾವಳಿಗೂ ಈ ಬೆನ್ನಿಗೆ ಎಣ್ಣೆ ತಿಕ್ಕಿದವಳು ನಾನು. ನಂಗೆ ಗೊತ್ತಾಗೋದಿಲ್ವಾ?"

ಮಾವ ಕವಳ ಒಂದು ದವಡೆಗೆ ಸರಿಸಿದರು. "ಹೆಂಡತಿಗೇ ಗುರುತು ಸಿಗದ ಹಾಗೆ ಪಾತ್ರ ಮಾಡಿದ್ದೆ ಅಂತ ಆಯ್ತಲ್ಲ ಮಾರಾಯ್ತಿ," ಎಂದವರು ನನ್ನ ಕಡೆ ತಿರುಗಿ, "ಹಿಂದೆ ತಗೊಂಡು ಹೋಗಿ ಇನ್ನೊಂದ್ಸಲ ಹಾಕೋ," ಎಂದರು.