ಮಂಕಾದ ಕೆಂಪು

ನಮ್ಮಮ್ಮ ಕೊಟ್ಟ ಕೆಂಪಿನ ಓಲೆಯನ್ನು ಗೌರಿ ಹಬ್ಬಕ್ಕೆಂದು ಬಿಸಿ ಸೋಪಿನ ನೀರಲ್ಲಿ ನೆನೆಹಾಕಿ ಉಜ್ಜಿದೆ. ಎರಡು ದಿನ ಬಿಟ್ಟು ನೋಡ್ತೀನಿ, ಎರಡು ಹರಳಿಗೆ ಕಳೆಯೇ ಇಲ್ಲ! ಹೋದ ವರ್ಷ ತಿರುಪು ಸರಿಮಾಡಿದ ಆಚಾರ್ರೇ ಹರಳು ಬದಲಾಯಿಸಿರಬೇಕು ಅಂದುಕೊಂಡೆ. ಅಂಗಡಿಗೆ ಹೋಗಿ ಅಂದೇಬಿಟ್ಟೆ.

ಅವರು ಎದುರಾಡಲಿಲ್ಲ. ಚಿಕ್ಕ ಚಾಣದಿಂದ ಅಂಚು ಎಬ್ಬಿಸಿ, ಹರಳನ್ನು ನನ್ನ ಅಂಗೈಯಲ್ಲಿಟ್ಟರು. ಬೆಳಕಿಗೆ ಹಿಡಿದರೆ ಅದೇ ಕೆಂಪು! ಕಪ್ಪಾಗಿದ್ದುದು ಅಡಿಯ ಬೆಳ್ಳಿ ರೇಕು.

"ಇದರ ಬೆನ್ನು ಮುಚ್ಚಿದೆ ಅಮ್ಮಾ. ಗುಳಿಗೆ ಅರಗು ತುಂಬಿ, ಹೊಳಪಿಗೆ ರೇಕಿಟ್ಟು, ಹರಳು ಕೂರಿಸಿ, ಸುತ್ತ ಚಿನ್ನದ ಅಂಚನ್ನು ಒತ್ತುತ್ತೀವಿ. ಸಂದಿಯಲ್ಲಿ ನೀರಿಳಿದರೆ ರೇಕು ಕಪ್ಪಾಗುತ್ತೆ, ಬಿಸಿಗೆ ಅರಗೂ ಮೆತ್ತಗಾಗುತ್ತೆ" ಎಂದರು.

ನಾಚಿಕೆಯಿಂದ ತಲೆತಗ್ಗಿಸಿದೆ. ತಪ್ಪಾಯಿತು ಅಂದೆ. ಹೊಸ ರೇಕಿಟ್ಟು ಕೂರಿಸಿಕೊಟ್ಟರು, ಕೂಲಿಯಷ್ಟೇ ತೆಗೆದುಕೊಂಡರು.

ಬೆನ್ನು ಮುಚ್ಚಿದ ಓಲೆಯನ್ನು ನೀರಿಗೆ ಹಾಕಬೇಡಿ. ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಬಂದರೆ ಹರಳು ಸಡಿಲವೆಂದು ತಿಳಿಯಿರಿ. ಮತ್ತೊಂದು ಮಾತು ಅಕ್ಕಂದಿರೇ, ಇನ್ನೊಬ್ಬರನ್ನು ಅನ್ನುವ ಮೊದಲು ಓಲೆಯನ್ನೊಮ್ಮೆ ತಿರುಗಿಸಿ ನೋಡಿ.