ನ್ಯೂಸ್ ರೀಲ್ ಮುಗೀತಾ?

ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುವಾಗ ಈಗ ಮಳೆ ಬೆಳೆಯ ಮಾತು ಕಡಿಮೆ. ‘ಓಟಿಟಿಯಲ್ಲಿ ಏನು ನೋಡಿದ್ರಿ?’ ಎಂಬಲ್ಲಿಂದ ಮಾತು ಶುರು. ನನ್ನನ್ನೂ ಕೇಳುತ್ತಾರೆ. ನಾನು ಯಾವುದೋ ಡಾಕ್ಯುಮೆಂಟರಿಯ ಹೆಸರು ಹೇಳುತ್ತೇನೆ. ಹೋಳಿಗೆಗೆ ಕಾದವರ ಎಲೆಗೆ ಹಾಗಲಕಾಯಿ ಪಲ್ಯ ಬಿದ್ದಂತೆ ಎದುರಿನವರ ಮುಖ ಚಿಕ್ಕದಾಗುತ್ತದೆ. ‘ಅಂದ್ರೆ, ಹುಲಿ ಜಿಂಕೆ ಹಿಡಿಯೋದಾ?’ ಎಂದು ಕೆಲವರು ಮರ್ಯಾದೆಗೆ ಕೇಳುತ್ತಾರೆ. ನನ್ನ ಹೆಂಡತಿಯ ತಮ್ಮನಿಗೆ ಆ ಮರ್ಯಾದೆಯೂ ಇಲ್ಲ. ‘ಭಾವ, ನೀವು ಸುಮ್ನಿರಿ. ಸ್ವಲ್ಪ ಹೊಡೆದಾಟ ಇರೋದನ್ನ ಬೇರೆಯವರ ಹತ್ರ ಕೇಳ್ಕೋತೀನಿ’ ಅನ್ನುತ್ತಾನೆ.

ಇದರಲ್ಲಿ ಅವನದೇನೂ ತಪ್ಪಿಲ್ಲ. ಡಾಕ್ಯುಮೆಂಟರಿ ಎಂದರೆ ಎದ್ದು ಓಡುವುದನ್ನು ನಮಗೆ ಕಲಿಸಿದ್ದೇ ಭಾರತ ಸರ್ಕಾರ.

ನಮ್ಮೂರ ಟೂರಿಂಗ್ ಟಾಕೀಸಿನ ಲೌಡ್ ಸ್ಪೀಕರಿನಲ್ಲಿ ಘಂಟಸಾಲ ‘ನಮೋ ವೆಂಕಟೇಶ’ ಹಾಡಿದರೆಂದರೆ ಇನ್ನೇನು ಆಟ ಶುರು. ನಾವು ಮಕ್ಕಳು ಅಂಗಳದಲ್ಲಿ ಕುಣಿಯುತ್ತಿದ್ದೆವು. ಅಮ್ಮನಿಗೆ ಮಾತ್ರ ಅವಸರವೇ ಇಲ್ಲ. ‘ಮೊದಲು ನ್ಯೂಸ್ ರೀಲ್ ಬಿಡ್ತಾರೆ ತಡೀರೋ, ಹಾಲಿಗೆ ಹೆಪ್ಪು ಹಾಕಿ ಬರ್ತೀನಿ’ ಎನ್ನುವಳು. ಟೆಂಟಿನ ಬಾಗಿಲಲ್ಲಿ ಬೀಡಿ ಸೇದುತ್ತ ನಿಂತವರನ್ನು ಅಪ್ಪ ಕೇಳುತ್ತಿದ್ದ ಮೊದಲ ಮಾತು, ‘ನ್ಯೂಸ್ ರೀಲ್ ಮುಗೀತಾ?’ ಮುಗಿದಿಲ್ಲ ಎಂದರೆ ಅವರೂ ಒಂದು ಬೀಡಿ ಹಚ್ಚುವರು. ಒಳಗೆ ಗಾಂಧಿ ಕ್ಲಾಸಿನ ಮರಳಿನ ಮೇಲೆ ಕೂತು ನಾವು ನೋಡುತ್ತಿದ್ದುದು ಏನು? ಯಾರೋ ಮಂತ್ರಿ ಟೇಪು ಕತ್ತರಿಸುವುದು, ಹೆಲಿಕಾಪ್ಟರಿನಿಂದ ನೆರೆ ಸಂತ್ರಸ್ತರಿಗೆ ಮೂಟೆ ಉದುರಿಸುವುದು, ಕೊನೆಗೆ ಒಂದಿಷ್ಟು ಕ್ರಿಕೆಟ್ಟು. ಪಟ್ಟಣಗಳನ್ನೆಲ್ಲ ಸುತ್ತಿ ಆ ರೀಲು ನಮ್ಮೂರಿಗೆ ಬರುವಷ್ಟರಲ್ಲಿ ಬೇಸಿಗೆ ಬಂದಿರುತ್ತಿತ್ತು. ಬಾವಿ ಬತ್ತಿದ ಊರಿನವರು ಹಿಂದಿನ ಮಳೆಗಾಲದ ಪ್ರವಾಹ ನೋಡಬೇಕು.

ಈ ಕಡ್ಡಾಯ ಸೇವೆಯನ್ನು ಶುರುಮಾಡಿದವರು ಬ್ರಿಟಿಷರು. ಎರಡನೇ ಮಹಾಯುದ್ಧದ ಪ್ರಚಾರಕ್ಕೆ ಅವರಿಗೆ ಸಿನಿಮಾ ಬೇಕಿತ್ತು. ಸರ್ಕಾರ ಒಪ್ಪಿದ ಚಿತ್ರವನ್ನು ಪ್ರತಿ ಆಟದಲ್ಲೂ ತೋರಿಸಲೇಬೇಕೆಂದು 1943ರಲ್ಲಿ ಭಾರತ ರಕ್ಷಣಾ ನಿಯಮಗಳಲ್ಲಿ ಸೇರಿಸಿದರು. ಯುದ್ಧ ಮುಗಿಯಿತು, 1946ರಲ್ಲಿ ಪ್ರಚಾರಕ್ಕೆಂದು ಕಟ್ಟಿದ್ದ ಚಿತ್ರ ಘಟಕವನ್ನೂ ಮುಚ್ಚಿದರು. ಹೀಗಾಗಿ 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಗುವುದನ್ನು ಚಿತ್ರಿಸಲು ಸರ್ಕಾರದ ಬಳಿ ಅದರದೇ ಆದ ಚಿತ್ರ ಘಟಕವೇ ಇರಲಿಲ್ಲ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಬ್ರಿಟಿಷರ ಕಡ್ಡಾಯವೂ ಹೊಸ ಅಂಗಿ ತೊಟ್ಟು ವಾಪಸಾಯಿತು. ರೀಲಿನ ಬಾಡಿಗೆಯನ್ನು ಟಾಕೀಸಿನವರೇ ಕಟ್ಟಬೇಕು. ಕಟ್ಟಿದವರಿಗೂ ಬೇಡ, ನೋಡುವವರಿಗೂ ಬೇಡ. ಒಂದು ಕಲೆಯ ಹೆಸರು ಕೆಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆದರೆ ನಾವು ಹೊರಗೆ ಬೀಡಿಯ ಹೊಗೆಯಲ್ಲಿ ನಿಂತಿದ್ದಾಗ ಅದೇ ಇಲಾಖೆಯ ಒಳಗೆ ಕೆಲವು ತರಲೆ ಮನುಷ್ಯರು ಸೇರಿಕೊಂಡಿದ್ದರು. ಎಸ್.ಎನ್.ಎಸ್. ಶಾಸ್ತ್ರಿ ಅವರಲ್ಲೊಬ್ಬರು. ಸ್ವಾತಂತ್ರ್ಯಕ್ಕೆ ಇಪ್ಪತ್ತು ತುಂಬಿತು, ಒಂದು ಚಿತ್ರ ತೆಗೆಯಿರಿ ಎಂದಾಗ ಅಣೆಕಟ್ಟು, ಉಕ್ಕಿನ ಕಾರ್ಖಾನೆ ತೋರಿಸಿ ಮುಗಿಸಬಹುದಿತ್ತು. ಶಾಸ್ತ್ರಿಯವರು ಸ್ವಾತಂತ್ರ್ಯದ ಜೊತೆಜೊತೆಗೇ ಹುಟ್ಟಿದ ಹುಡುಗ ಹುಡುಗಿಯರನ್ನು ಹುಡುಕಿ ಅವರ ಮುಂದೆ ಮೈಕು ಹಿಡಿದರು. 1967ರ ‘ಐ ಆ್ಯಮ್ 20’ ಅದು. ಕನ್ನಡಕದ ಹುಡುಗನೊಬ್ಬ ರೈಲಿನಲ್ಲಿ ಕೂತು, ದೇಶವನ್ನು ಉದ್ದಕ್ಕೂ ಅಗಲಕ್ಕೂ ಸುತ್ತಿ ನೋಡಬೇಕು ಅನ್ನುತ್ತಾನೆ. ಮಾತಿನಲ್ಲಿ ಚುರುಕು, ಸ್ವಲ್ಪ ಅಹಂಕಾರವೂ ಉಂಟು. ಉಳಿದವರಲ್ಲಿ ಕೆಲವರಿಗೆ ಕನಸು, ಕೆಲವರಿಗೆ ಬೇಸರ, ಕೆಲವರಿಗೆ ದಿನದ ಕೂಲಿಯ ಚಿಂತೆ. ಸರ್ಕಾರದ ದುಡ್ಡಿನಲ್ಲಿ ತೆಗೆದ ಚಿತ್ರದಲ್ಲಿ ಅಸಮಾಧಾನಕ್ಕೆ ಇಷ್ಟು ಜಾಗ ಸಿಕ್ಕಿತ್ತು ಎಂದು ಇವತ್ತು ನೋಡುವಾಗ ಆಶ್ಚರ್ಯವಾಗುತ್ತದೆ.

ಸತ್ಯಜಿತ್ ರಾಯ್ ತಮ್ಮ ಗುರುಗಳ ಬಗ್ಗೆ ಮಾಡಿದ ‘ದಿ ಇನ್ನರ್ ಐ’ (1972) ಕೂಡ ಇದೇ ಇಲಾಖೆಯದು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ಹುಟ್ಟಿನಿಂದಲೇ ಒಂದು ಕಣ್ಣು ಕಾಣದು, ಇನ್ನೊಂದು ಮಂಜು ಮಂಜು. ಆ ಕಣ್ಣಿನಲ್ಲೇ ಅವರು ಹಿಂದಿ ಭವನದ ಗೋಡೆಗಳ ತುಂಬ ಮಧ್ಯಯುಗದ ಸಂತರನ್ನು ಬರೆದರು. ಐವತ್ತು ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಕೈಕೊಟ್ಟು ಉಳಿದದ್ದೂ ಹೋಯಿತು. ಕಪ್ಪು ಕನ್ನಡಕದ ಮುದುಕರು ಬೆರಳಿನಿಂದಲೇ ಅಳತೆ ಹಿಡಿದು ಕೆಲಸ ಮುಂದುವರಿಸಿದ್ದನ್ನು ರಾಯ್ ಎಲ್ಲೂ ಅಯ್ಯೋ ಪಾಪ ಅನ್ನದೆ ತೋರಿಸುತ್ತಾರೆ. ಹಿನ್ನೆಲೆಯ ವಿವರಣೆ ಅವರದೇ ದನಿ, ಒಂದು ಮಾತೂ ಹೆಚ್ಚಿಲ್ಲ. ನಮ್ಮ ಟಿವಿಯವರು ಇದೇ ಕತೆಗೆ ಎಷ್ಟು ಪಿಟೀಲು ಕುಯ್ಯುತ್ತಿದ್ದರೋ!

ಸರ್ಕಾರದ ಹಂಗಿಲ್ಲದ ಚಿತ್ರಗಳ ದಾರಿಯೇ ಬೇರೆ. ನಿಪ್ಪಾಣಿಯ ಹೆಸರನ್ನು ನಾವು ಹೆಚ್ಚಾಗಿ ಕೇಳುವುದು ಗಡಿ ತಂಟೆಯ ಸುದ್ದಿಯಲ್ಲಿ. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ್ದನ್ನು ದೀಪಾ ಧನರಾಜ್ ಮತ್ತು ಅವರ ‘ಯುಗಾಂತರ್’ ಗೆಳತಿಯರು, ನವರೋಜ್ ಕಂಟ್ರಾಕ್ಟರರ ಕ್ಯಾಮೆರಾದಲ್ಲಿ, 1982ರಲ್ಲಿ ಚಿತ್ರ ಮಾಡಿದರು. ‘ತಂಬಾಕು ಚಾಕಿಲಾ ಊಬ್ ಆಲಿ’ ಎಂದು ಹೆಸರು, ಮಾತೆಲ್ಲ ಮರಾಠಿ, ಅರ್ಧ ಗಂಟೆಯೂ ಇಲ್ಲ. ತಂಡದವರು ಆ ಹೆಂಗಸರ ನಡುವೆ ತಿಂಗಳುಗಟ್ಟಲೆ ಇದ್ದು, ಅವರ ಮಾತು ಕೇಳಿ, ಆಮೇಲೆ ಚಿತ್ರ ಕಟ್ಟಿದವರು. ಬೆಳಗಾವಿ ಜಿಲ್ಲೆಯಲ್ಲೇ ನಡೆದ ಇಂಥ ಚಿತ್ರವನ್ನು ನಮ್ಮಲ್ಲಿ ಎಷ್ಟು ಕಾಲೇಜುಗಳು ತೋರಿಸಿವೆ?

ಬೆಳಗಾವಿ ಎಂದಾಗ ಪಕ್ಕದ ಸುಳೇಭಾವಿ ಬಿಡಲಾಗದು. ಅಲ್ಲಿ ಹುಟ್ಟಿದ ಶಿವಪುತ್ರ, ಅಂದರೆ ಕುಮಾರ ಗಂಧರ್ವ, ಕ್ಷಯ ಅಂಟಿಸಿಕೊಂಡು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡುವಂತಿಲ್ಲ. ಮಲಗಿದ್ದವರ ಕಿವಿಗೆ ಮಾಳವದ ಹಳ್ಳಿ ಹಾಡುಗಳು ಬಿದ್ದವು. ಎದ್ದು ಕೂತ ಮೇಲೆ ಅವರು ಹಾಡಿದ ಕಬೀರನೇ ಬೇರೆ. ಬೆಂಗಳೂರಿನ ಸೃಷ್ಟಿ ಕಲಾ ಶಾಲೆಯಲ್ಲಿ ಕಬೀರ್ ಯೋಜನೆ ನಡೆಸಿದ ಶಬನಮ್ ವಿರ್ಮಾನಿ ಈ ಹಾದಿ ಹಿಡಿದು ‘ಕೋಯಿ ಸುನ್‌ತಾ ಹೈ’ (2008) ಮಾಡಿದ್ದಾರೆ. ನಡುವೆ ಅಲ್ಲಲ್ಲಿ ಎಳೆದಂತಾಗುತ್ತದೆ, ನಿಜ. ಆದರೂ ಕಬೀರ್ ಹಾಡುಗಾರ ಪ್ರಹ್ಲಾದ್ ಟಿಪಾನಿಯಾ ತಂಬೂರಿ ಎತ್ತಿಕೊಂಡರೆ ಎದ್ದುಹೋಗುವ ಮನಸ್ಸಾಗದು.

ಯಾವುದಾದರೂ ಒಂದೇ ಹೇಳು ಎಂದು ಯಾರಾದರೂ ಕುತ್ತಿಗೆ ಹಿಡಿದರೆ ನಾನು ಹೇಳುವುದು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ‘ಸೆಲ್ಯುಲಾಯ್ಡ್ ಮ್ಯಾನ್’ (2012). ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅದರ ನಾಯಕರು. ಸುಮಾರು ಎರಡೂವರೆ ಗಂಟೆಯ ಚಿತ್ರ. ಹಳೇ ಫಿಲ್ಮಿನಿಂದ ಬೆಳ್ಳಿ ತೆಗೆಯುತ್ತಿದ್ದರು, ಉಳಿದದ್ದರಲ್ಲಿ ಬಳೆ ಮಾಡುತ್ತಿದ್ದರು. ಅಂಥ ಕಾಲದಲ್ಲಿ ಈ ಮನುಷ್ಯ ನಾಸಿಕಕ್ಕೆ ಹೋಗಿ ಫಾಲ್ಕೆಯವರ ಮಕ್ಕಳಿಂದ ರೀಲು ಸಂಪಾದಿಸಿ ತಂದವರು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಹುಡುಕಿಕೊಂಡು ಅದರ ನಿರ್ದೇಶಕ ಅರ್ದೇಶಿರ್ ಇರಾನಿಯವರ ಮನೆಗೂ ಹೋದರಂತೆ. ಇಲ್ಲೇ ಎಲ್ಲೋ ಇರಬೇಕು, ಹುಡುಕಿ ಕೊಡು ಎಂದು ಮುದುಕರು ಮಗನಿಗೆ ಹೇಳಿದರು. ಮಗ ಆಮೇಲೆ ನಾಯರರಿಗೆ ಬಾಯಿಬಿಟ್ಟ: ಬೆಳ್ಳಿಗಾಗಿ ಆ ರೀಲುಗಳನ್ನು ತಾನೇ ಯಾವಾಗಲೋ ಕೊಟ್ಟುಬಿಟ್ಟಿದ್ದ. ನಾವೇನು ಕಡಿಮೆಯೇ? 1934ರ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ದ ಪ್ರತಿ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

‘ಸೆಲ್ಯುಲಾಯ್ಡ್ ಮ್ಯಾನ್’ ಚಿತ್ರದ ಕ್ಯಾಮೆರಾ ಒಮ್ಮೆ ಹೆಗ್ಗೋಡಿಗೂ ಬರುತ್ತದೆ. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದಾಗ, ಅಡಿಕೆ ತೋಟದ ಊರಿಗೆ ಕುರೊಸಾವಾ, ಡಿ ಸಿಕಾರ ಚಿತ್ರಗಳು ಬರಲು ನಾಯರ್ ಹಾಗೂ ಸಿನಿಮಾ ಪಾಠದ ಮೇಷ್ಟ್ರು ಸತೀಶ್ ಬಹಾದೂರ್ ಬೆನ್ನಿಗೆ ನಿಂತಿದ್ದರು. ಸಾಗರದ ಕಡೆಯ ನಮ್ಮ ಚಿಕ್ಕಪ್ಪ ಆಗ ಅಲ್ಲಿ ‘ಬೈಸಿಕಲ್ ಥೀವ್ಸ್’ ನೋಡಿದವರು. ಇಟಲಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಇಂಗ್ಲಿಷೂ ಬಾರದು. ಆ ಸಲದ ಅಡಿಕೆ ಸುಲಿತಕ್ಕೆ ನಾನೂ ಹೋಗಿದ್ದೆ. ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರಿಗೆ ಚಿಕ್ಕಪ್ಪ ಇಡೀ ಕತೆ ಹೇಳಿದರು. ಕೊನೆಗೆ ಸೈಕಲ್ ಕದಿಯಲು ಹೋಗಿ ಸಿಕ್ಕಿಬಿದ್ದ ಅಪ್ಪನ ಕೈಯನ್ನು ಮಗ ಹಿಡಿದುಕೊಳ್ಳುವ ಭಾಗ ಬಂದಾಗ ಸುಲಿಯುತ್ತಿದ್ದ ಒಬ್ಬಾಕೆ ಕೇಳಿದಳು: ‘ಅಯ್ಯಾ, ಆ ಹುಡ್ಗ ಆಮೇಲೆ ಉಂಡ್ನಾ?’ ಚಿಕ್ಕಪ್ಪನ ಬಳಿ ಉತ್ತರ ಇರಲಿಲ್ಲ. ಅಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ವಿಮರ್ಶಕರ ಬಾಯಲ್ಲೂ ಕೇಳಿಲ್ಲ.

ಇನ್ನು ಆ ಹುಲಿ ಜಿಂಕೆಯ ವಿಷಯ. ‘ವೈಲ್ಡ್ ಕರ್ನಾಟಕ’ 2020ರಲ್ಲಿ ಥಿಯೇಟರಿಗೇ ಬಂತು, ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಕಣ್ಣಿಗೆ ಹಬ್ಬ. ತುಸು ಹೆಚ್ಚೇ ಹಬ್ಬ ಎಂಬುದು ನನ್ನ ತಕರಾರು. ನನಗೆ ಕೃಪಾಕರ-ಸೇನಾನಿಯವರ ಸೀಳುನಾಯಿಗಳೇ ಮೇಲು. ಕೊಂದವರಿಗೆ ಹಿಂದೆ ಸರ್ಕಾರ ಇನಾಮು ಕೊಡುತ್ತಿದ್ದ ಪ್ರಾಣಿ ಅದು. ಬಂಡೀಪುರದ ಸುತ್ತ ವರ್ಷಗಟ್ಟಲೆ ಅದರ ಹಿಂದೆ ಅಲೆದು, ಇದಕ್ಕೂ ಸಂಸಾರವಿದೆ, ಮರಿಗಳಿಗೆ ಮೊದಲು ಉಣ್ಣಿಸುವ ಶಿಸ್ತಿದೆ ಎಂದು ಇವರು ತೋರಿಸಿಕೊಟ್ಟರು. ‘ದಿ ಪ್ಯಾಕ್’ ಸರಣಿಗೆ 2010ರಲ್ಲಿ ಗ್ರೀನ್ ಆಸ್ಕರ್ ಬಂತು.

ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಯಿತು. ಕಡ್ಡಾಯವಂತೂ ಎಂದೋ ಹೋಗಿದೆ. ಈಗ ಯಾರೂ ನಿಮ್ಮನ್ನು ಕೂರಿಸಿ ತೋರಿಸುವುದಿಲ್ಲ, ನೀವಾಗಿಯೇ ಹುಡುಕಬೇಕು. ಎಲ್ಲಿಂದ ಶುರುಮಾಡಲಿ ಎನ್ನುವವರು ‘ಐ ಆ್ಯಮ್ 20’ ನೋಡಿ. ಇಪ್ಪತ್ತು ನಿಮಿಷದ ಆಜುಬಾಜು, ಯೂಟ್ಯೂಬಿನಲ್ಲಿ ಪುಕ್ಕಟೆ. ಆದರೆ ಒಬ್ಬರೇ ಕೂತು ನೋಡಬೇಡಿ. ಮನೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೋ ಹುಡುಗಿಯೋ ಇದ್ದರೆ ಪಕ್ಕಕ್ಕೆ ಕರೆದುಕೊಳ್ಳಿ. ಚಿತ್ರ ಮುಗಿದ ಮೇಲೆ ಅದರಲ್ಲಿನ ಪ್ರಶ್ನೆಗಳನ್ನೇ ಅವರಿಗೆ ಕೇಳಿ, ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ.