ಅಪ್ಪನ ಕಂಪ್ಯೂಟರು

ಕಳೆದ ಜುಲೈನ ಒಂದು ಶನಿವಾರ. ಡೊಂಬಿವಲಿಯಲ್ಲಿ ಮೂರು ದಿನದಿಂದ ಒಂದೇ ಸಮನೆ ಮಳೆ. ಎರಡನೇ ಚಹಾ ಹಿಡಿದು ಕೂತಿದ್ದೆ. ಒಳಗಿನಿಂದ ಅಪ್ಪ ಕರೆದರು.

"ತಮ್ಮಾ, ಇಲ್ಲಿ ಬಾ. ಇದು ಚಾಲೂನ ಆಗವಲ್ದು."

ಅಪ್ಪನದು 2011ರಲ್ಲಿ ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪ್. ನಿವೃತ್ತಿಯಾಗಿ ಗದಗು ಬಿಟ್ಟು ನಮ್ಮಲ್ಲಿಗೆ ಬಂದಾಗ ಹೊತ್ತು ಹೋಗಲೆಂದು ಕೊಡಿಸಿದ್ದೆ. ನುಡಿ ತಂತ್ರಾಂಶ ಹಾಕಿಕೊಟ್ಟೆ. ಕೆ.ಪಿ. ರಾವ್ ಕೀಲಿಮಣೆ ಅವರಿಗೆ ಒಂದೇ ತಿಂಗಳಲ್ಲಿ ಕೈಗೆ ಹತ್ತಿತು. ಬೆಟಗೇರಿಯ ಮಗ್ಗದ ಓಣಿ, ತಮ್ಮ ಅವ್ವ, ಸಾಲಿ ಮಾಸ್ತರರು, ಮೊದಲ ಸಲ ರೈಲು ಹತ್ತಿದ್ದು ಎಲ್ಲ ಸೇರಿ 140 ಪುಟ ಬರೆದರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು. ಬರೆಯುವುದು ಅಲ್ಲಿಗೇ ನಿಂತಿತು. ಆದರೂ ದಿನಾ ಹತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತು, ಬರೆದದ್ದನ್ನೇ ಓದುತ್ತಾರೆ. ಬಲಗೈಗೆ ಕೆಲಸ ಕೊಡಬೇಕು ಅಂತ ಡಾಕ್ಟರು ಹೇಳಿದ್ದರಿಂದ, ಸ್ವಿಚ್ಚನ್ನು ಆ ಕೈಯ ತೋರುಬೆರಳಿನಿಂದಲೇ ಒತ್ತುವುದು ಅವರ ನೇಮ.

"ನನ್ನ ಬೆರಳಾಗ ಜೋರಿಲ್ಲೇನೋ. ನೀ ಒತ್ತಿ ನೋಡು."

ಒತ್ತಿದೆ. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ.

"ಹಂಗಾದ್ರ ನಾನ ಗಟ್ಟಿ ಒತ್ತಿ ಕೆಡಿಸೀನಿ" ಅಂದರು. ಮೆಲ್ಲಗೆ ಒತ್ತಿದರೂ ತಪ್ಪು ಅವರದೇ, ಗಟ್ಟಿ ಒತ್ತಿದರೂ ಅವರದೇ. ಲಕ್ವ ಹೊಡೆದಾಗಿನಿಂದ ಮನೆಯಲ್ಲಿ ಏನು ಬಿದ್ದರೂ ಒಡೆದರೂ ಮೊದಲು ತಮ್ಮ ಕೈ ನೋಡಿಕೊಳ್ಳುತ್ತಾರೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇಷ್ಟು ವರ್ಷ ಐಟಿ ಕಂಪನಿಯ ಅನ್ನ ತಿಂದವನು ಆ 140 ಪುಟದ ಒಂದು ನಕಲು ಕೂಡ ಮಾಡಿಟ್ಟಿರಲಿಲ್ಲ. 'ಬರುವ ಭಾನುವಾರ' ಅನ್ನುತ್ತಲೇ ಬಂದಿದ್ದೆ.

ಪರಿಚಯದ ಅಂಗಡಿಗೆ ಫೋನ್ ಮಾಡಿದೆ. 2011ರದು ಅಂದ ತಕ್ಷಣ, "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದ. ನೋಡದೇನೇ! ಸಿಟ್ಟು ಬಂದು ನಾನೇ ಸ್ಕ್ರೂಡ್ರೈವರ್ ತೆಗೆದೆ.

ಮೊದಲು ಸ್ಪೈಕ್ ಬಸ್ಟರಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಕರೆಂಟಿತ್ತು. ಮಾನಿಟರಿನ ಕೇಬಲ್ಲನ್ನೇ ಸಿಪಿಯುಗೆ ಚುಚ್ಚಿದೆ, ಎರಡೂ ಒಂದೇ ಥರದವು. ಪ್ರಯೋಜನವಾಗಲಿಲ್ಲ. ಹಿಂದಿನ ಸ್ವಿಚ್ಚೂ ಆನ್ ಇತ್ತು. ಕೇಬಲ್ ಕಿತ್ತು ಪಕ್ಕದ ಹಲಗೆ ಬಿಚ್ಚಿದರೆ, ಹದಿಮೂರು ವರ್ಷಕ್ಕೂ ಹೆಚ್ಚಿನ ಧೂಳು, ಜೊತೆಗೆ ಒಂದು ಸತ್ತ ಹಲ್ಲಿಮರಿ. ರ‍್ಯಾಮ್ ತೆಗೆದು ಮಗಳ ರಬ್ಬರಿನಿಂದ ಉಜ್ಜಿ ಹಾಕಿದೆ. ಫ್ಯಾನೇ ತಿರುಗದಿದ್ದಾಗ ರ‍್ಯಾಮ್ ಉಜ್ಜಿ ಉಪಯೋಗ ಕಡಿಮೆ. ಆದರೆ ಕೈಗೆ ಕೆಲಸ ಬೇಕಲ್ಲ.

ಆಮೇಲೆ ಎಸ್‌ಎಂಪಿಎಸ್ ಮೇಲೆ ಅನುಮಾನ ಬಂತು. ಅದರ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬೇಡಿ, ಕೇಬಲ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಹೊರಗಿಂದಲೇ ಪರೀಕ್ಷೆ ಮಾಡಬಹುದು. ಮದರ್‌ಬೋರ್ಡಿನಿಂದ 24 ಪಿನ್ನಿನ ದೊಡ್ಡ ಕನೆಕ್ಟರ್ ಕಿತ್ತು, ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಸೇರಿಸಿದೆ. ಆಮೇಲೆ ಕರೆಂಟ್ ಕೊಟ್ಟರೆ ಅದರ ಫ್ಯಾನು ಬುರ್ರನೆ ತಿರುಗಿತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ, "ಜೀವ ಐತಿ" ಅಂದರು.

ಹಾಗಾದರೆ ಮದರ್‌ಬೋರ್ಡೇ ಹೋಯಿತು, ಅಂಗಡಿಯವನು ಗೆದ್ದ ಅಂದುಕೊಂಡೆ. ಎಲ್ಲ ಮತ್ತೆ ಜೋಡಿಸಿ ಕರೆಂಟ್ ಕೊಟ್ಟಾಗ ಬೋರ್ಡಿನ ಮೂಲೆಯಲ್ಲಿ ಸಣ್ಣ ಹಸಿರು ದೀಪ ಕಂಡಿತು. ಡಬ್ಬಿ ಬಿಚ್ಚಿದವನು ಕೇಬಲ್ ಹಾಕಿ ಒಮ್ಮೆಯೂ ಒಳಗೆ ನೋಡಿರಲಿಲ್ಲ. ಬೋರ್ಡಿಗೆ ಕರೆಂಟ್ ಬರುತ್ತಿದೆ, ಎದ್ದೇಳು ಅಂತ ಹೇಳುವವರಿಲ್ಲ, ಅಷ್ಟೇ ಇರಬಹುದಲ್ಲ? ಮುಂದಿನ ಬಟನ್ನಿನಿಂದ ಬರುವ ತೆಳ್ಳನೆಯ ವೈರನ್ನು ಕಿತ್ತು, ಅದು ಕೂರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿದೆ. ಅಲ್ಲಿರುವುದು ಕೆಲವೇ ವೋಲ್ಟು, ಹೆದರಬೇಕಿಲ್ಲ.

ಫ್ಯಾನುಗಳೆಲ್ಲ ತಿರುಗಿದವು. 'ಬೀಪ್' ಅಂತು.

ಕೆಟ್ಟದ್ದು ಬಟನ್ನಿನ ಹಿಂದಿನ ಗುಂಡಿಯಷ್ಟು ದೊಡ್ಡ ಸ್ವಿಚ್ಚು. ದಿನಾ ಒತ್ತಿಸಿಕೊಂಡು ಸವೆದಿತ್ತು. "ಅಪ್ಪಾ, ನಿಮ್ಮ ಬೆರಳಲ್ಲ. ಇದರದು ವಯಸ್ಸಾಗಿತ್ತು" ಅಂದೆ. ಅವರು ಆ ಸ್ವಿಚ್ಚನ್ನು ಇಸಿದುಕೊಂಡು ಬಲಗೈ ಬೆರಳಿನಿಂದಲೇ ಕಟ್ ಕಟ್ ಅಂತ ಬಹಳ ಹೊತ್ತು ಒತ್ತುತ್ತ ಕೂತರು.

ಮೊದಲು ಮಾಡಿದ ಕೆಲಸ, 140 ಪುಟಗಳನ್ನು ಪೆನ್‌ಡ್ರೈವಿಗೆ ಹಾಕಿದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ! ಎದೆ ಧಸಕ್ಕೆಂದಿತು. ಹಳೆಯ ನುಡಿ ಫಾಂಟ್ ಹಾಕಿದ ಮೇಲೆ ಬೆಟಗೇರಿ ಬೆಟಗೇರಿಯಾಗಿ ಕಾಣಿಸಿತು.

ರಿಪೇರಿಗೆ, ರೀಸೆಟ್ ಬಟನ್ನಿನ ವೈರನ್ನೇ ಪವರಿನ ಪಿನ್ನಿಗೆ ಸಿಕ್ಕಿಸಿದೆ. ಆದರೆ ರೀಸೆಟ್ ಬಟನ್ ಕಡಲೆಕಾಳಿನಷ್ಟು, ಅಪ್ಪನ ಬೆರಳಿಗೆ ಸಿಗುವುದಿಲ್ಲ. ಬಯೋಸ್ ಸೆಟ್ಟಿಂಗಿನಲ್ಲಿ, ಹೋದ ಕರೆಂಟ್ ಬಂದಾಗ ತಾನೇ ಚಾಲೂ ಆಗುವ ಹಾಗೆ ಮಾಡುವ ಆಯ್ಕೆಯಿದೆ. ಅದನ್ನು ಹಾಕಿದೆ. ಸೆಟ್ಟಿಂಗ್ ಮರೆತುಹೋಗದಿರಲಿ ಅಂತ ಸಿಆರ್2032 ಬ್ಯಾಟರಿಯನ್ನು ಅದಕ್ಕೂ ಮೊದಲೇ ಹೊಸದಾಗಿಸಿದ್ದೆ. ಈಗ ಮೇಜಿನ ಮೇಲಿರುವ ಸ್ಪೈಕ್ ಬಸ್ಟರಿನ ದೊಡ್ಡ ಕೆಂಪು ಸ್ವಿಚ್ಚನ್ನು ಅಪ್ಪ ಒತ್ತಿದರೆ ಸಾಕು. ರಾತ್ರಿ ಅದನ್ನು ಆಫ್ ಮಾಡಲೇಬೇಕು. ಒಮ್ಮೆ ಮರೆತು, ಕರೆಂಟ್ ಹೋಗಿ ಬಂದಾಗ ಕಂಪ್ಯೂಟರು ಎರಡು ಗಂಟೆಗೆ ತಾನೇ ಎದ್ದು ಮನೆಮಂದಿಯನ್ನೆಲ್ಲ ಎಬ್ಬಿಸಿತು.

ಬ್ಯಾಟರಿ ತೆಗೆದದ್ದರಿಂದ ಮೊದಲ ದಿನ ತಾರೀಖು 2011ಕ್ಕೆ ಹೋಗಿತ್ತು. ಸರಿಪಡಿಸಲು ಹೋದೆ. ಅಪ್ಪ ತಡೆದರು.

"ಇರವಲ್ದ್ಯಾಕ. ಆವಾಗ ಕೈ ಛಲೋ ಇತ್ತು."

ಸ್ವಲ್ಪ ಹೊತ್ತಿಗೆ ಮತ್ತೆ ಕರೆದರು. "ಮೂವತ್ತೊಂದನೇ ಪುಟದಾಗ ನಮ್ಮವ್ವನ ಹೆಸರಿಗೆ ಒಂದು ಒತ್ತು ಬಿಟ್ಟೈತಿ. ತಿದ್ದು ಬಾ."